ಕೈಬಿಟ್ಟವರ ಮನೆಯ ಚಹಾ

ಏಪ್ರಿಲ್ 27

ರಾಷ್ಟ್ರೀಯ ತಂಡದ ಕೋಚ್ ಆದವನಿಗೆ ನಮ್ಮ ಫುಟ್‌ಬಾಲ್ ಸಂಘ ಒಂದು ಸೀಟಿ ಮತ್ತು ಒಂದು ಡೈರಿ ಕೊಡುತ್ತದೆ. ಸೀಟಿ ಊದಿದರೆ ಯಾರೂ ನಿಲ್ಲುವುದಿಲ್ಲ. ಡೈರಿಯಾದರೂ ಉಪಯೋಗಕ್ಕೆ ಬರಲಿ ಎಂದು ಬರೆಯಲು ಕುಳಿತಿದ್ದೇನೆ. ಹೆಂಡತಿಯ ಕೈಗೆ ಸಿಕ್ಕರೂ ಚಿಂತೆಯಿಲ್ಲ, ನನ್ನ ಅಕ್ಷರ ನನಗೇ ಮರುದಿನ ಅರ್ಥವಾಗುವುದಿಲ್ಲ.

ಜೂನ್‌ನಲ್ಲಿ ಖಂಡದ ಕಪ್. ಅದರಲ್ಲಿ ನಮ್ಮ ಈವರೆಗಿನ ಸಾಧನೆ ಹೀಗಿದೆ: ನಾಲ್ಕು ಟೂರ್ನಿ, ಹನ್ನೆರಡು ಪಂದ್ಯ, ಹನ್ನೊಂದು ಸೋಲು, ಒಂದು ಡ್ರಾ. ಹೊಡೆಸಿಕೊಂಡ ಗೋಲು ನಲವತ್ತೊಂದು, ಹೊಡೆದದ್ದು ಒಂದು. ಸಂಘದ ಕೈಪಿಡಿಯಲ್ಲಿ ಇದಕ್ಕೆ ‘ಹೋರಾಟದ ಭವ್ಯ ಪರಂಪರೆ’ ಎಂದು ಹೆಸರು.

ಆ ಒಂದು ಗೋಲು ಹೊಡೆದವನು ನನ್ನ ತಮ್ಮ. ನಮ್ಮ ಮಹಡಿಯ ಮೇಲೆ ತನ್ನ ಹೆಂಡತಿಯೊಂದಿಗೆ ಇದ್ದಾನೆ. ಹನ್ನೆರಡು ವರ್ಷದ ಹಿಂದಿನ ಮಾತು. ಕಾರ್ನರ್‌ನಿಂದ ಬಂದ ಚೆಂಡು ಇವನ ಎಡಗಿವಿಗೆ ತಗುಲಿ ಒಳಗೆ ಹೋಯಿತು. ಅದು ಗೋಲಲ್ಲ, ಅಪಘಾತ. ಆದರೆ ನಮ್ಮ ಬೀದಿಯ ಕ್ಷೌರದಂಗಡಿಯ ಗೋಡೆಯ ಮೇಲೆ ಇವನು ಎರಡೂ ಕಾಲು ಆಕಾಶಕ್ಕೆ ಎತ್ತಿ ಚೆಂಡು ಒದೆಯುವ ಚಿತ್ರವಿದೆ. ಆ ದಿನ ನಾನೂ ತಂಡದಲ್ಲಿದ್ದೆ, ಬೆಂಚಿನ ಮೇಲೆ. ಬೆಂಚಿನ ಚಿತ್ರ ಯಾರೂ ಬರೆಯುವುದಿಲ್ಲ. ಈ ಕೋಚ್ ಕೆಲಸವೂ ‘ಗೋಲು ಹೊಡೆದವನ ಅಣ್ಣ’ ಎಂದೇ ಸಿಕ್ಕಿದ್ದು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ನಿಜವೇ ಇರಬಹುದು.

ಶಿಬಿರದಲ್ಲಿ ಮೂವತ್ತು ಜನ ಇದ್ದಾರೆ. ಇಪ್ಪತ್ತಮೂರು ಜನರಿಗೆ ವಿಮಾನದ ಟಿಕೆಟ್. ಉಳಿದ ಏಳು ಜನರ ಮನೆಗೆ ಕೋಚ್ ಖುದ್ದಾಗಿ ಹೋಗಿ, ಕುಳಿತು, ‘ನಿನ್ನನ್ನು ಕೈಬಿಟ್ಟಿದ್ದೇವೆ’ ಎಂದು ಹೇಳಬೇಕು. ಆ ಮನೆಯವರು ಕೊಟ್ಟ ಚಹಾ ಪೂರ್ತಿ ಕುಡಿದೇ ಏಳಬೇಕು. ನಮ್ಮ ಮೊದಲ ಕೋಚ್ ಹಾಕಿಕೊಟ್ಟ ಪದ್ಧತಿ ಇದು. ಬೇರೆ ದೇಶಗಳು ಕಪ್ ಗೆದ್ದಿವೆ, ನಾವು ಪದ್ಧತಿ ಉಳಿಸಿಕೊಂಡಿದ್ದೇವೆ.

ತಮ್ಮನಿಗೆ ಈಗ ಮೂವತ್ತನಾಲ್ಕು. ಮಂಡಿ ಕೈಕೊಟ್ಟಿದೆ. ಮೊದಲು ಕೈಬಿಡುವುದು ಅವನನ್ನೇ. ನನಗೆ ಈ ಸೆಂಟಿಮೆಂಟು ಗಿಂಟಿಮೆಂಟು ಇಲ್ಲ. ನಾಳೆ ಬೆಳಗ್ಗೆ ಮೆಟ್ಟಿಲು ಹತ್ತಿ ಹೇಳಿ ಇಳಿದರೆ ಮುಗಿಯಿತು.

ಏಪ್ರಿಲ್ 28

ಅವನಿಗೆ ತಲೆನೋವಂತೆ. ನಾಳೆ ನೋಡೋಣ.

ಮೇ 2

ಅಭ್ಯಾಸ. ಕಡ್ಡಿ ಎಂಬ ಹೊಸ ಹುಡುಗ ಮುಂಚೂಣಿಯಲ್ಲಿ ಆಡಿದ. ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಅಲ್ಲಾಡುವುದಿಲ್ಲ, ಆದರೆ ಓಡಲು ಬಿಟ್ಟರೆ ಕಣ್ಣಿಗೆ ಸಿಗುವುದಿಲ್ಲ. ತಮ್ಮ ಅವನ ಹಿಂದೆ ಮೂರು ಸಲ ಓಡಿದ. ನಾಲ್ಕನೆಯ ಸಲ ಓಡಿದಂತೆ ನಟಿಸಿ, ಶೂ ಲೇಸು ಕಟ್ಟುತ್ತಾ ಕುಳಿತ. ಅವನ ಶೂಗೆ ಲೇಸಿಲ್ಲ, ಪಟ್ಟಿ ಇದೆ.

ಸಂಜೆ ಮಂಜುಗಡ್ಡೆಯ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದವನು, ಈ ಮಂಡಿ ನನ್ನದಲ್ಲ, ಯಾರದೋ ಮುದುಕನದು ಅದಲುಬದಲಾಗಿದೆ ಎಂದು ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ನಕ್ಕ ಮೇಲೆ ಹೇಳುವುದು ಸರಿಯಲ್ಲವಲ್ಲ.

ಮೇ 5

ಹಲ್ಲುನೋವು. ದಂತವೈದ್ಯರ ಬಳಿ ಹೋಗುವಂತಿಲ್ಲ, ಅವರು ನಮ್ಮ ಎಡ ರಕ್ಷಕನ ಸೋದರಮಾವ. ಕಳೆದ ವಾರ ಅವರ ಬೀದಿಯಲ್ಲಿ ಕಾರು ನಿಲ್ಲಿಸಿದ್ದೇ ತಡ, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತರು. ಎಡ ರಕ್ಷಕನ ಅತ್ತೆ ಅಳಲು ಶುರುಮಾಡಿದರು. ನಾನು ಬಾಯಿ ತೆರೆದು ಹುಳುಕು ಹಲ್ಲು ತೋರಿಸಿದ ಮೇಲೇ ಅವರಿಗೆ ಸಮಾಧಾನವಾದದ್ದು.

ಈ ತಿಂಗಳು ನಾನು ಯಾರ ಮನೆಗೂ ಹೋಗುವಂತಿಲ್ಲ. ನನ್ನನ್ನು ಕಂಡರೆ ಜನ ಕಿಟಕಿ ಮುಚ್ಚುತ್ತಾರೆ. ಹೆಂಡತಿಗೆ ಇದರಿಂದ ಖುಷಿಯೇ. ನೆಂಟರು ಯಾರೂ ಕರೆಯುತ್ತಿಲ್ಲ ಎನ್ನುತ್ತಾಳೆ.

ಮೇ 7

ಇವತ್ತು ನಡೆದದ್ದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಮುಂದೊಂದು ದಿನ ನಗು ಬರಬಹುದು.

ನಮ್ಮ ಮೊದಲ ಗೋಲ್‌ಕೀಪರನಿಗೆ ಗೋಡೆ ಎಂದು ಅಡ್ಡಹೆಸರು. ಕಳೆದ ತಿಂಗಳು ಅವನಿಂದ ಏಣಿ ತಂದಿದ್ದೆ. ‘ತಂದದ್ದನ್ನು ಕೊಟ್ಟು ಬನ್ನಿ, ನಾಲ್ಕು ಜನ ಏನಂದುಕೊಳ್ಳುತ್ತಾರೆ’ ಎಂದು ಹೆಂಡತಿ ಮೂರು ದಿನದಿಂದ ತಲೆ ತಿನ್ನುತ್ತಿದ್ದಳು. ಏಣಿ ಹೊತ್ತುಕೊಂಡು ಹೋದೆ. ಏಣಿ ಹೊತ್ತು ಬಂದವನನ್ನು ಕಂಡು ಯಾರಿಗಾದರೂ ಅನುಮಾನ ಬರುತ್ತದೆಯೇ? ಬಂತು. ಅವರ ಮನೆಯ ಗೇಟಿನ ಮುಂದೆ ಹೂಕುಂಡಗಳ ಸಾಲು ಎತ್ತರಕ್ಕಿದೆ. ಗೇಟು ತೆರೆಯಲು ಏಣಿ ಕೆಳಗಿಟ್ಟಿದ್ದೆ, ಒಳಗಿನಿಂದ ಕಾಣುವುದು ನನ್ನ ತಲೆ ಮಾತ್ರ.

ಗೋಡೆಯ ಹೆಂಡತಿ ಬಾಗಿಲು ತೆರೆದು, ನನ್ನ ಮುಖ ನೋಡಿ, ನೇರ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಒಳಕೋಣೆಯಿಂದ ಧಡಾರ್ ಎಂದು ಸದ್ದು. ಗೋಡೆ ಸಿಟ್ಟಿಗೆ ಬೀರುವಿನ ಬಾಗಿಲಿಗೆ ಗುದ್ದಿದ್ದ. ಬೀರು ಹಳೆಯ ಕಾಲದ್ದು, ಗಟ್ಟಿ ಮರ.

“ನಾನು ಏಣಿ ಕೊಡೋಕೆ ಬಂದೆ ಕಣಯ್ಯಾ” ಅಂದೆ.

ಅವನು ಕೈ ಹಿಡಿದುಕೊಂಡು ಏಣಿಯನ್ನೇ ನೋಡಿದ. ಎರಡು ಬೆರಳು ಮುರಿದಿವೆ. ಆರು ವಾರ ಚೆಂಡು ಮುಟ್ಟುವಂತಿಲ್ಲ.

ತಂಡದಲ್ಲಿ ನಾನು ಕಣ್ಣುಮುಚ್ಚಿ ಬರೆದಿದ್ದ ಒಂದೇ ಒಂದು ಹೆಸರು ಅವನದು.

ಮೇ 8

ಮತ್ತೆ ಗೋಡೆಯ ಮನೆಗೆ. ಈ ಸಲ ಏಣಿ ಇಲ್ಲ. ಚಹಾ ಕುಡಿದೆ. ಅವನು ಬ್ಯಾಂಡೇಜಿನ ಕೈಯಲ್ಲೇ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದ. ಇಂಥ ಕೆಲಸ ಯಾವ ಶತ್ರುವಿಗೂ ಬೇಡ.

ಸುದ್ದಿ ಕೇಳಿ ಸಂಘದ ಅಧ್ಯಕ್ಷರು ಕರೆಸಿದರು. ಅವರದು ಪೀಠೋಪಕರಣದ ಅಂಗಡಿ. ಸಭೆ ನಡೆಯುವುದೂ ಅಲ್ಲೇ, ಮಾರಾಟವಾಗದ ಸೋಫಾಗಳ ಮೇಲೆ, ಪ್ಲಾಸ್ಟಿಕ್ ಹೊದಿಕೆಯ ಸಮೇತ. ಇನ್ನು ಮೇಲೆ ಫೋನಿನಲ್ಲಿ ಹೇಳಿ ಮುಗಿಸಿ, ಕಾಲ ಬದಲಾಗಿದೆ ಎಂದರು. ಫೋನಿನಲ್ಲಿ ಹೇಳುವುದಾದರೆ ನೀವೇ ಹೇಳಿ ಅಂದೆ. ಅವರು ಕೆಮ್ಮಿದರು. ಪದ್ಧತಿ ಉಳಿಯಿತು.

ಆಮೇಲೆ ಮೆಲ್ಲಗೆ, ನಿಮ್ಮ ತಮ್ಮನ ವಿಷಯ ಏನು ಎಂದು ಕೇಳಿದರು. ಅವನನ್ನು ಒಯ್ಯದಿದ್ದರೆ ಜನ ಉಗಿಯುತ್ತಾರೆ, ಒಯ್ದರೆ ಅಣ್ಣ ಒಯ್ದ ಎಂದು ಉಗಿಯುತ್ತಾರೆ. ಯಾವ ಕಡೆಯಿಂದ ಉಗಿಸಿಕೊಳ್ಳಬೇಕು ಎಂಬುದು ನಿಮಗೆ ಬಿಟ್ಟದ್ದು ಎಂದು ಕೈ ತೊಳೆದುಕೊಂಡರು.

ಮೇ 11

ಇವತ್ತು ನಾಲ್ಕು ಮನೆ. ಹೊಟ್ಟೆಯಲ್ಲಿ ಚಹಾ ಕುಲುಕಾಡುತ್ತಿದೆ.

ಕೊನೆಯದು ಪೋಸ್ಟ್‌ಮ್ಯಾನ್‌ನ ಮನೆ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಚೆಂಡು ಪಾಸು ಕೊಟ್ಟರೆ ಎರಡು ದಿನ ಬಿಟ್ಟು ತಲುಪುತ್ತದೆ ಎಂದು ಈ ಅಡ್ಡಹೆಸರು. ಒಂದು ಟೂರ್ನಿ ಆಡಿದ್ದಾನೆ, ನಾಲ್ಕು ವರ್ಷದ ಹಿಂದಿನದು. ನಾನು ಹೇಳಿದ ಕೂಡಲೇ ಎಲ್ಲರೂ ಕೇಳುವುದನ್ನೇ ಕೇಳಿದ.

“ನನ್ನ ಜಾಗಕ್ಕೆ ಯಾರು?”

ಹೇಳಿದೆ. ಹೌದು, ಅವನು ಚೆನ್ನಾಗಿ ಆಡ್ತಾನೆ ಅಂದ. ನಂತರ ಬಾಗಿಲವರೆಗೂ ಬಂದು, ನಿಮ್ಮ ಕಾರಿನ ಸದ್ದು ಸರಿಯಿಲ್ಲ, ನಾಳೆ ಡಿಪೋಗೆ ತನ್ನಿ, ನೋಡ್ತೀನಿ ಅಂದ. ಕಾರಿನಲ್ಲಿ ಕುಳಿತು ಐದು ನಿಮಿಷ ಹೊರಡಲಾಗಲಿಲ್ಲ. ಕಾರು ಸ್ಟಾರ್ಟ್ ಆಗಲಿಲ್ಲ ಎಂದು ಹೆಂಡತಿಗೆ ಹೇಳಿದೆ.

ಐದು ಮುಗಿದವು, ಇನ್ನೆರಡು ಬಾಕಿ.

ಮೇ 13

ಆರನೆಯದೂ ಮುಗಿಯಿತು. ಅಲ್ಲಿ ಸಕ್ಕರೆಯ ಬದಲು ಉಪ್ಪು ಹಾಕಿದ್ದರು. ಬೇಕೆಂದೇ ಹಾಕಿದ್ದು. ಪೂರ್ತಿ ಕುಡಿದೆ. ಪದ್ಧತಿ ಅಂದರೆ ಪದ್ಧತಿ.

ಮೇ 14

ಮಹಡಿಯ ನೀರಿನ ಟ್ಯಾಂಕು ತುಂಬಿ ಹರಿಯಿತು. ಕವಾಟ ಮುಚ್ಚಲು ತಮ್ಮನ ಬಾಗಿಲು ದಾಟಿ ಹೋಗಬೇಕು. ನಾನು ಮೆಟ್ಟಿಲ ಬುಡದಲ್ಲಿ ನಿಂತೆ. ನಾನು ಮೆಟ್ಟಿಲು ಹತ್ತಿದ ಸದ್ದು ಕೇಳಿದರೆ ಅವನು ಏನಂದುಕೊಳ್ಳುತ್ತಾನೆ? ನೀರು ಗೋಡೆ ಹಿಡಿದು ಇಳಿದು ನನ್ನ ಚಪ್ಪಲಿಯನ್ನು ತೇಲಿಸಿಕೊಂಡು ಹೋಯಿತು.

“ಹೋಗ್ರೀ ಮೇಲೆ, ಮನೆ ಮುಳುಗ್ತಿದೆ” ಅಂದಳು ಹೆಂಡತಿ.

ನನಗೆ ಕಾಲು ನೋವು ಅಂದೆ. ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ತಾನೇ ಹತ್ತಿ ಹೋದಳು. ಇಳಿದು ಬಂದವಳು ಹೇಳಿದಳು: ತಮ್ಮನ ಹೆಂಡತಿ ವಾರದಿಂದ ದಿನಾ ಸಂಜೆ ಒಂದು ಲೋಟ ಚಹಾ ಹೆಚ್ಚಿಗೆ ಮಾಡುತ್ತಿದ್ದಾಳಂತೆ. ಯಾರಿಗೆ ಎಂದು ಇವಳು ಕೇಳಲಿಲ್ಲವಂತೆ.

ಅಮ್ಮ ಸೊಪ್ಪು ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳು ಚಿಕ್ಕವನ ಪರ, ಹುಟ್ಟಿದಾಗಿನಿಂದ. ಅತ್ತು ಕರೆದು ರಂಪ ಮಾಡುತ್ತಾಳೆ ಎಂದುಕೊಂಡಿದ್ದೆ.

“ತೆಗೆಯೋದಾದ್ರೆ ತೆಗಿ” ಅಂದಳು. “ಆದ್ರೆ ಮೇಲೆ ಹೋಗಿ, ಕೂತು, ಹೇಳು. ಬೇರೆಯವರ ಮಕ್ಕಳಿಗೆ ಕೊಟ್ಟ ಮರ್ಯಾದೆ ನನ್ನ ಮಗನಿಗೂ ಕೊಡು.”

ನಾನೂ ಅವಳ ಮಗನೇ ಎಂದು ನೆನಪಿಸಬೇಕೆನಿಸಿತು. ಸೊಪ್ಪಿನ ಬುಟ್ಟಿ ಎತ್ತಿ ಅಡುಗೆಮನೆಗೆ ಇಟ್ಟು ಬಂದೆ.

ಮೇ 16

ಇವತ್ತೂ ಇಲ್ಲ.

ಮೇ 18

ನಾಳೆ ಪಟ್ಟಿ ಪ್ರಕಟ. ಸಂಜೆ ಹತ್ತಿದೆ.

ಬಾಗಿಲು ತೆರೆದೇ ಇತ್ತು. ತಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಮನೆಯಲ್ಲಿ ಬನಿಯನ್ ಬಿಟ್ಟು ಬೇರೇನೂ ಹಾಕದವನು. ಮದುವೆಗೆ ಹೋಗುತ್ತಿದ್ದೀಯಾ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಹತ್ತು ಹನ್ನೊಂದು ದಿನದಿಂದ ಸಂಜೆಯಾದರೆ ಆ ಅಂಗಿ ಹಾಕಿ ಕಾಯುತ್ತಿದ್ದನಂತೆ. ಅವನ ಹೆಂಡತಿ ಚಹಾ ಇಟ್ಟು ಒಳಗೆ ಹೋದಳು.

ಆರು ಮನೆಯಲ್ಲಿ ಹೇಳಿದ್ದ ಮಾತು. ಇಲ್ಲಿ ಅದೊಂದನ್ನು ಬಿಟ್ಟು ಮಳೆ, ಟ್ಯಾಂಕು, ಅಮ್ಮನ ಕನ್ನಡಕ ಎಲ್ಲ ಮಾತಾಡಿದೆ. ಕೊನೆಗೆ ಅವನೇ, “ಹೇಳೋ ಅಣ್ಣಾ, ಚಹಾ ಆರುತ್ತೆ” ಅಂದ.

ಹೇಳಿದೆ. ಅವನು ತಲೆಯಾಡಿಸಿದ. ‘ನನ್ನ ಜಾಗಕ್ಕೆ ಯಾರು’ ಎಂದು ಕೇಳಲಿಲ್ಲ. ಕಡ್ಡಿ ಎಂದು ಅವನಿಗೂ ಗೊತ್ತು. ಅಂಗಿಯ ಗುಂಡಿ ತಿರುವುತ್ತಾ ಬೇರೆಯೇ ಕೇಳಿದ.

“ಇಷ್ಟು ವರ್ಷ ಎಲ್ಲರೂ ಒಂದೊಂದು ಹೇಳಿದಾರೆ. ನೀನು ಹತ್ತಿರದಿಂದ ನೋಡಿದೀಯ. ಆ ಗೋಲು ನಾನು ಹೊಡೆದದ್ದಾ, ಇಲ್ಲಾ ತಗುಲಿದ್ದಾ?”

ಹನ್ನೆರಡು ವರ್ಷದ ಅಭ್ಯಾಸ. ಬಾಯಿ ತಾನಾಗಿ ಹೇಳಿತು.

“ಕಿವಿಗೆ ತಗುಲಿತು.”

ಅವನು ನಕ್ಕ. ನಾನೂ ನಕ್ಕೆ. ಚಹಾ ಮುಗಿಸಿ ಇಳಿದೆ. ಎಲ್ಲ ಸುಸೂತ್ರವಾಗಿ ಮುಗಿಯಿತು. ಇಷ್ಟಕ್ಕೆ ಮೂರು ವಾರ ತಲೆ ಕೆಡಿಸಿಕೊಂಡೆನಲ್ಲ.

ಮೇ 19

ಪಟ್ಟಿ ಪ್ರಕಟವಾಯಿತು. ಕ್ಷೌರದಂಗಡಿಯವನು ನನ್ನನ್ನು ಒಂದು ಗಂಟೆ ಕಾಯಿಸಿ, ಅರ್ಧ ಮೀಸೆ ಕತ್ತರಿಸಿ, ಬ್ಲೇಡು ಮುಗಿಯಿತು ಅಂದ. ಉಳಿದರ್ಧ ನಾನೇ ತೆಗೆದೆ. ಮೀಸೆಯಿಲ್ಲದೆ ನನ್ನ ಮುಖ ತಮ್ಮನ ಮುಖದ ಹಾಗೇ ಕಾಣುತ್ತದೆ ಎಂದು ಅಮ್ಮ ಹೇಳಿದಳು. ಅಮ್ಮನಿಗೆ ಕನ್ನಡಕ ಬದಲಾಯಿಸಬೇಕು.

ಜೂನ್ 6

ಹೊರಟೆವು. ಬೀದಿಯವರು ಬಂದಿದ್ದರು, ಗೋಡೆ ಬ್ಯಾಂಡೇಜು ಬಿಚ್ಚಿದ ಕೈ ಬೀಸಿದ, ಪೋಸ್ಟ್‌ಮ್ಯಾನ್ ಬಸ್ಸಿನ ಎಂಜಿನ್ ಪರೀಕ್ಷಿಸಿದ. ತಮ್ಮ ಕೆಳಗಿಳಿಯಲಿಲ್ಲ. ಮೇಲೆ ತಂತಿಯಲ್ಲಿ ಬಿಳಿ ಅಂಗಿ ಒಣಗುತ್ತಿತ್ತು.

ಮಲಗಿರಬೇಕು. ಹೊತ್ತಾಗಿ ಏಳುವುದು ಅವನ ಅಭ್ಯಾಸ. ಬಸ್ಸು ತಿರುವು ದಾಟುವವರೆಗೆ ನಾನೇನೂ ಹಿಂದಕ್ಕೆ ನೋಡುತ್ತಿರಲಿಲ್ಲ, ಕುತ್ತಿಗೆ ಹಿಡಿದುಕೊಂಡಿತ್ತು.

ಜೂನ್ 11

ಸೊನ್ನೆಗೆ ಐದು. ಭವ್ಯ ಪರಂಪರೆ ಮುಂದುವರಿದಿದೆ.

ಜೂನ್ 14

ನಾಳೆ ಎರಡನೆಯ ಪಂದ್ಯ. ಇವತ್ತು ಪತ್ರಿಕಾಗೋಷ್ಠಿ. ಐದು ಕ್ಯಾಮೆರಾ, ಅದರಲ್ಲಿ ನಾಲ್ಕು ಎದುರಾಳಿ ತಂಡದವರದು. ಒಬ್ಬ ಪತ್ರಕರ್ತ, ಬೂಟು ಫಳಫಳ ಹೊಳೆಯುತ್ತಿತ್ತು, ನಗುತ್ತಾ ಕೇಳಿದ: ಈ ಟೂರ್ನಿಯ ಇತಿಹಾಸದಲ್ಲಿ ನಿಮ್ಮ ಏಕೈಕ ಗೋಲು ಆಟಗಾರನೊಬ್ಬನ ಕಿವಿಗೆ ತಗುಲಿ ಬಂದದ್ದಂತೆ, ಈ ಸಲ ಯಾವ ಅಂಗದ ಮೇಲೆ ಭರವಸೆ ಇಟ್ಟಿದ್ದೀರಿ?

ಎಲ್ಲರೂ ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು.

“ನೀವು ಆ ದಿನ ಎಲ್ಲಿದ್ರಿ?” ಅಂದೆ. “ನಾನು ಅಲ್ಲೇ ಇದ್ದೆ, ಬೆಂಚಲ್ಲಿ. ಕಾರ್ನರ್ ಬಂತು. ಅವನು ಎರಡು ಹೆಜ್ಜೆ ಹಿಂದೆ ಹೋದ. ಒಂದ್ಸಲ ಗೋಲಿನ ದೂರದ ಕಂಬ ನೋಡಿದ. ಆಮೇಲೆ ತಲೆ ತಿರುಗಿಸಿದ. ಸುಮ್ನೆ ತಗುಲಿದ ಚೆಂಡು ದೂರದ ಕಂಬದ ಒಳಗಡೆ ಹೋಗಲ್ಲ. ಅದು ಗೋಲು. ಬರ್ಕೊಳ್ಳಿ.”

ಬರೆದುಕೊಂಡ. ಪಕ್ಕದಲ್ಲಿದ್ದ ಸಹಾಯಕ ಕೋಚ್ ನನ್ನ ಮೊಣಕಾಲು ತಟ್ಟುತ್ತಿದ್ದ. ಸುಮ್ಮನೆ ಹೇಳಿದ್ದು, ಅವನ ಬಾಯಿ ಮುಚ್ಚಿಸಲು. ಇಂಥವರಿಗೆ ಸದರ ಕೊಡಬಾರದು.

ಜೂನ್ 15

ಸೊನ್ನೆಗೆ ಎರಡು. ಸುಧಾರಣೆ ಎಂದು ಅಧ್ಯಕ್ಷರು ಸಂದೇಶ ಕಳಿಸಿದರು.

ಜೂನ್ 19

ಒಂದಕ್ಕೆ ಮೂರು. ಸೋತೆವು, ಮನೆಗೆ ಹೊರಟೆವು. ಆದರೆ ಆ ಒಂದು!

ಕಡ್ಡಿ ಹೊಡೆದ. ಕಾಲಿನಲ್ಲೇ, ಎಲ್ಲರಿಗೂ ಕಾಣುವಂತೆ, ಮೂವರನ್ನು ದಾಟಿ. ಬೆಂಚಿನವರೆಲ್ಲ ಮೈದಾನಕ್ಕೆ ನುಗ್ಗಿದರು. ಸಹಾಯಕ ಕೋಚ್ ನೀರಿನ ಬಾಟಲಿ ಎಸೆದು ರೆಫರಿಯಿಂದ ಬೈಸಿಕೊಂಡ. ನಾನು ಕುಳಿತುಬಿಟ್ಟೆ. ಹದಿನೈದು ಪಂದ್ಯಕ್ಕೆ ಎರಡನೆಯ ಗೋಲು, ನಾನು ಕೋಚ್ ಆಗಿರುವಾಗ ಬಂದದ್ದು, ಕುಣಿಯಬೇಕಿತ್ತು. ಇನ್ನು ತಮ್ಮನದು ಏಕೈಕ ಗೋಲಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕ್ಷೌರದಂಗಡಿಯವನು ಚಿತ್ರ ಅಳಿಸಿ ಕಡ್ಡಿಯನ್ನು ಬರೆಸುತ್ತಾನೆ, ಆ ಮನುಷ್ಯನಿಗೆ ನಿಯತ್ತೆಂಬುದಿಲ್ಲ.

ಬಿಸಿಲು ಜಾಸ್ತಿಯಿತ್ತು, ಅದಕ್ಕೇ ಕುಳಿತದ್ದು. ಟಿವಿಯವರು ನನ್ನ ಕಣ್ಣೀರು ತೋರಿಸಿದರಂತೆ, ಆನಂದಬಾಷ್ಪ ಎಂದು. ಹಾಗೇ ಇರಲಿ.

ಜೂನ್ 23

ಮನೆಗೆ ಬಂದೆ. ಅಮ್ಮ ಆರತಿ ಗೀರತಿ ಏನೂ ಮಾಡಲಿಲ್ಲ, ಬಟ್ಟೆ ಒಗೆಯಲು ಹಾಕು ಅಂದಳು. ಮೇಲಿನಿಂದ ಸದ್ದಿಲ್ಲ. ಹೋಗಿ ಮಾತಾಡಿಸೋಣ ಎಂದುಕೊಂಡೆ. ಆದರೆ ನಾನು ಮೆಟ್ಟಿಲು ಹತ್ತಿದರೆ ಈಗಲೂ ಕೆಟ್ಟ ಸುದ್ದಿ ಎಂದೇ ಅನಿಸೀತು.

ಜೂನ್ 26

ಸಂಜೆ ಮುಂಬಾಗಿಲ ಗಂಟೆ ಸದ್ದಾಯಿತು. ಹಿಂದಿನ ಮೆಟ್ಟಿಲಿಳಿದು ನೇರ ಅಡುಗೆಮನೆಗೆ ನುಗ್ಗುವ ತಮ್ಮ, ಬೀದಿ ಸುತ್ತಿ ಬಂದು ಮುಂಬಾಗಿಲಲ್ಲಿ ನಿಂತಿದ್ದ. ಬಿಳಿ ಅಂಗಿ, ಇಸ್ತ್ರಿ ಮಾಡಿದ್ದು.

ಹೆಂಡತಿ ಅವನ ಅಂಗಿ ನೋಡಿದಳು. ನೇರ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಅಷ್ಟರಲ್ಲೇ ನನಗೂ ಗೊತ್ತಾಯಿತು. ಗೋಡೆ ಯಾಕೆ ಬೀರುವಿಗೆ ಗುದ್ದಿದ ಎಂಬುದೂ ಗೊತ್ತಾಯಿತು. ನಮ್ಮ ಮನೆಯ ಬೀರು ತಗಡಿನದು, ಗುದ್ದಿದರೂ ಬೆರಳಿಗೆ ಏನೂ ಆಗದು. ಆದರೂ ಗುದ್ದಲಿಲ್ಲ.

ಅವನು ಕುರ್ಚಿಯ ತುದಿಯಲ್ಲಿ ಕುಳಿತ. ಮಳೆ ಬರುವ ಹಾಗಿದೆ ಅಂದ. ಟ್ಯಾಂಕಿನ ಕವಾಟ ಬದಲಾಯಿಸಬೇಕು ಅಂದ.

“ಹೇಳೋ, ಚಹಾ ಆರುತ್ತೆ” ಅಂದೆ.

“ನಿನ್ನನ್ನ ಕೈಬಿಟ್ಟಿದಾರೆ ಅಣ್ಣಾ.”

ಅಧ್ಯಕ್ಷರು ನನಗೆ ಫೋನ್ ಮಾಡುವ ಧೈರ್ಯವಿಲ್ಲದೆ ಅವನಿಗೆ ಮಾಡಿದ್ದರಂತೆ, ಒಂದೇ ಮನೆಯಲ್ಲವೇ, ಮೆಟ್ಟಿಲ ಮೇಲಿಂದ ಕೂಗಿ ಹೇಳಿಬಿಡು ಎಂದು. ಕೂಗುವುದಕ್ಕಾಗುವುದಿಲ್ಲ, ಪದ್ಧತಿ ಇದೆ ಎಂದು ಇವನು ಹೇಳಿದನಂತೆ. ಅಂಗಿ ಒಗೆದು ಒಣಗಿಸಿ ಇಸ್ತ್ರಿ ಮಾಡಲು ಎರಡು ದಿನ ಹಿಡಿಯಿತಂತೆ.

‘ನನ್ನ ಜಾಗಕ್ಕೆ ಯಾರು’ ಎಂದು ಕೇಳಬೇಕೆಂದಿದ್ದೆ. ಕೇಳಲು ನೆನಪಾಗಲಿಲ್ಲ. ಇಬ್ಬರೂ ಚಹಾ ಕುಡಿದೆವು. ನನ್ನದಕ್ಕೆ ಸಕ್ಕರೆ ಹೆಚ್ಚಾಗಿತ್ತು.

ಲೋಟ ಕೆಳಗಿಡುತ್ತಾ ಅವನು, “ಟಿವಿಯಲ್ಲಿ ಕೇಳಿಸ್ಕೊಂಡೆ” ಅಂದ. “ಆ ಪತ್ರಕರ್ತನಿಗೆ ನೀನು ಹೇಳಿದ್ದು.”

“ಅದು ಸುಮ್ನೆ.”

“ದೂರದ ಕಂಬ ನೋಡಿದೆ ಅಂದ್ಯಲ್ಲ.” ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. “ನಾನು ಏನೂ ನೋಡಿರ್ಲಿಲ್ಲ ಕಣೋ. ಚೆಂಡು ಮುಖಕ್ಕೆ ಬಂತು ಅಂತ ಹೆದರಿ ಕಣ್ಣು ಮುಚ್ಕೊಂಡಿದ್ದೆ. ಕಿವಿಗೆ ತಗುಲಿತು.”

ನನಗೆ ಮೈಯೆಲ್ಲ ಉರಿಯಿತು. ಎರಡು ಹೆಜ್ಜೆ ಹಿಂದೆ ಹೋದದ್ದು ಯಾರು, ತಲೆ ತಿರುಗಿಸಿದ್ದು ಯಾರು ಎಂದು ಕೇಳಿದೆ. ಹೆದರಿ ಹಿಂದೆ ಹೋದೆ, ಹೆದರಿ ತಿರುಗಿಸಿದೆ ಎಂದ. ಸುಳ್ಳು ಎಂದೆ. ಅವನು ನಗುತ್ತಾ, ಹೊಡೆದವನು ನಾನಲ್ಲವೇ, ನನಗೆ ಗೊತ್ತಿಲ್ಲವೇ ಎಂದ. ಮೈದಾನದಲ್ಲಿದ್ದವನಿಗೆ ಏನು ಗೊತ್ತಿರುತ್ತದೆ, ಬೆಂಚಿನ ಮೇಲೆ ಕುಳಿತವನನ್ನು ಕೇಳು ಎಂದೆ. ಅಮ್ಮ ಒಳಗಿನಿಂದ, ಮತ್ತೆ ಶುರುವಾಯ್ತಾ ನಿಮ್ಮಿಬ್ಬರದು ಎಂದು ಕೂಗಿದಳು. ಹೆಂಡತಿ ಇನ್ನೆರಡು ಲೋಟ ಚಹಾ ತಂದಿಟ್ಟಳು. ಕತ್ತಲಾಗುವವರೆಗೆ ಜಗಳವಾಡಿದೆವು. ಅವನು ಹಿಂದಿನ ಮೆಟ್ಟಿಲಿನಿಂದಲೇ ಮೇಲೆ ಹೋದ.

ಕೆಲಸ ಹೋಯಿತು. ಸೀಟಿ ವಾಪಸು ಕೊಡಬೇಕಂತೆ, ಡೈರಿ ಇಟ್ಟುಕೊಳ್ಳಬಹುದಂತೆ. ಅದಿರಲಿ. ಕಣ್ಣು ಮುಚ್ಚಿಕೊಂಡಿದ್ದನಂತೆ, ಮಾತು ನೋಡು. ನೋಡಿದ್ದ. ದೂರದ ಕಂಬವನ್ನು ನೋಡಿಯೇ ಹೊಡೆದ. ನಾನು ಅಲ್ಲೇ ಕುಳಿತಿದ್ದೆ.